ಶೈಲಾಳ ಟೊಂಗೆ

ಬನಹಟ್ಟಿಯ ಆ ಓಣಿಯಲ್ಲಿ ಸೀರೆ ಉಟ್ಟ ಗಿಡ ಯಾರ ಮನೆಯಲ್ಲಿದೆ ಎಂದು ಕೇಳಿದರೆ ಎಲ್ಲರೂ ಅಂಜನಾಳ ಮನೆ ತೋರಿಸುತ್ತಿದ್ದರು. ಗಿಡವೆಂದರೂ ಮೊಣಕಾಲಿಗೆ ಬರುವಷ್ಟಿಲ್ಲ. ಊಟದ ತಾಟಿನಷ್ಟು ಅಗಲದ, ಆಳವಿಲ್ಲದ ಮಣ್ಣಿನ ಕುಂಡದಲ್ಲಿ ದೊಡ್ಡ ಮರದ ಗತ್ತನ್ನೆಲ್ಲ ಹೊತ್ತು ನಿಂತ ಹುಣಸೆಯ ಬೋನ್ಸಾಯ್. ಶಿವರಾತ್ರಿ ಮುಗಿಯುತ್ತಲೇ ಬಿಸಿಲು ಮೈ ಸುಡತೊಡಗಿದಾಗ ಅಂಜನಾ ಮಾಳಿಗೆಯ ಮೇಲೆ ನಾಲ್ಕು ಬಿದಿರು ಗಳ ನಿಲ್ಲಿಸಿ, ನೇಯುವಾಗ ದಾಗು ಬಿದ್ದು ಸಾವಕಾರರು ತಿರುಗಿ ಕಳಿಸಿದ್ದ ಹಸಿರು ಸೀರೆಯೊಂದನ್ನು ಅದರ ನೆತ್ತಿಯ ಮೇಲೆ ಕಟ್ಟಿದ್ದಳು.

"ಸಾತವ್ವಾ, ಮಗಳಿಗೆ ಮದಿವಿ ಸೀರಿ ಉಡಸೂ ಮೊದಲ ಗಿಡಕ್ಕ ಉಡಿಸೀರಲ್ಲಬೇ!" ಎಂದು ಎದುರು ಮನೆಯ ಮಾದೇವಿ ನಗುತ್ತಿದ್ದಳು.

"ಏನ ಮಾಡ್ಲಿ? ಆಕಿ ಗಿಡಕ್ಕ ವರಾ ಸಿಗೂತನಾ ತಾನೂ ಆಗೂದಿಲ್ಲಂತ," ಎಂದು ಅಂಜನಾಳ ತಾಯಿ ಸಾತವ್ವ ಮಗ್ಗದ ಕುಣಿಯೊಳಗಿಂದಲೇ ಉತ್ತರ ಕೊಡುತ್ತಿದ್ದಳು.

ಅಂಜನಾ ತಲೆ ತಗ್ಗಿಸಿ ಮಾಳಿಗೆ ಏರಿಬಿಡುತ್ತಿದ್ದಳು. ಡಿಗ್ರಿ ಮುಗಿಸಿ ಮನೆಯಲ್ಲಿದ್ದರೂ ಓಣಿಯವರ ಮುಂದೆ ಬಾಯಿ ತೆರೆದರೆ ಅವಳಿಗೆ ಗಂಟಲು ಕಟ್ಟುತ್ತಿತ್ತು. ಗಂಟಲು ಕಟ್ಟದೆ ಮಾತಾಡಲು ಬರುತ್ತಿದ್ದುದು ಒಬ್ಬಳ ಮುಂದೆ ಮಾತ್ರ. ಆ ಒಬ್ಬಳು, ಶೈಲಾ, ಮದುವೆಯಾಗಿ ಬೀಳಗಿಗೆ ಹೋಗಿದ್ದಳು.

ಗಿಡಕ್ಕೆ ಇದ್ದದ್ದು ಎರಡೇ ಟೊಂಗೆ. ಒಂದು ಶೈಲಾಳದು, ಇನ್ನೊಂದು ಅಂಜನಾಳದು.

ಜಮಖಂಡಿಯ ಕಾಲೇಜಿಗೆ ಓಡಾಡುವಾಗ ಬಸ್‌ ಸ್ಟ್ಯಾಂಡಿನಲ್ಲಿ ಉಪ್ಪು ಖಾರ ಹಚ್ಚಿದ ಹುಣಸೆಹಣ್ಣು ತಿಂದು, ಉಗುಳಿದ ಬೀಜವನ್ನು ಶೈಲಾ ಒಂದು ಹಾಲಿನ ಪಾಕೀಟಿನಲ್ಲಿ ಊರಿದ್ದಳು. ಸಸಿ ಗೇಣುದ್ದವಾದಾಗ ಇಬ್ಬರೂ ಅದನ್ನು ಹಿಡಿದುಕೊಂಡು ಧರೆಪ್ಪ ಸರ್ ಮನೆಗೆ ಹೋದರು. ಅವರು ನಿವೃತ್ತ ಡ್ರಾಯಿಂಗ್ ಮಾಸ್ತರರು; ಜಮಖಂಡಿಯ ತಮ್ಮ ಮನೆಯ ಮೇಲೆ ಆಲ, ಅತ್ತಿ, ಅರಳಿಗಳ ಒಂದು ಪುಟ್ಟ ಕಾಡನ್ನೇ ಸಾಕಿದ್ದರು. ಕತ್ತರಿ ಹಿಡಿಯುವುದನ್ನು, ಬೇರು ತಿದ್ದುವುದನ್ನು ಇವರಿಗೆ ಕಲಿಸಿದ್ದು ಅವರೇ.

ಕಾಂಡ ಕವಲೊಡೆದಾಗ ಶೈಲಾ, "ಇದು ನಂದು, ಅದು ನಿಂದು," ಎಂದು ಆಸ್ತಿ ಹಂಚಿದಂತೆ ಹಂಚಿಬಿಟ್ಟಳು. ರಬಕವಿಯ ಮೋಟರ್ ಸುತ್ತುವ ಅಂಗಡಿಯಿಂದ ಸುಟ್ಟ ಮೋಟರಿನ ತಾಮ್ರದ ತಂತಿ ತಂದು ತನ್ನ ಟೊಂಗೆಗೆ ಸುತ್ತಿ ಬಗ್ಗಿಸಿದಳು. ಅವಸರದ ಕೈ, ತಂತಿ ಬಿಗಿಯಾಗಿ ತೊಗಟೆಯಲ್ಲಿ ಬಳೆ ಬಳೆಯಾಗಿ ಗುರುತು ಉಳಿಯಿತು. ಬಸ್ಸಿನ ಕಿಟಕಿಯಿಂದ ಕುತ್ತಿಗೆ ಹೊರಗೆ ಹಾಕಿಯೇ ಕೂರುವ ಅವಳಂತೆ ಆ ಟೊಂಗೆಯೂ ಕುಂಡದ ಅಂಚು ದಾಟಿ ಆಚೆ ಚಾಚಿತು. ಅಂಜನಾ ತನ್ನದಕ್ಕೆ ತಂತಿ ಸುತ್ತಲೇ ಇಲ್ಲ. ಅದು ಕಾಂಡದ ಮಗ್ಗುಲಲ್ಲೇ ನೆಟ್ಟಗೆ, ಯಾರ ತಂಟೆಗೂ ಹೋಗದೆ ಬೆಳೆಯಿತು.

ಹೊತ್ತು ಮುಳುಗುವಾಗ ಹುಣಸೆಯ ಎಲೆಗಳು ಜೋಡಿ ಜೋಡಿಯಾಗಿ ಮುಚ್ಚಿಕೊಳ್ಳುತ್ತವೆ. ಆಗೆಲ್ಲ ಶೈಲಾ ಬಾಯಿಗೆ ಬೆರಳಿಟ್ಟು, "ಮಲಗಿತು ನೋಡಲೇ, ಸಾವಕಾಶ ಮಾತಾಡು," ಎನ್ನುತ್ತಿದ್ದಳು. ಆಮೇಲೆ ಇಬ್ಬರೂ ಪಿಸುದನಿಯಲ್ಲೇ ಹರಟುತ್ತಿದ್ದರು.

ಮದುವೆಯಾದಾಗ ಗಿಡವನ್ನು ಬೀಳಗಿಗೆ ಒಯ್ಯುವುದೆಂದೇ ಶೈಲಾ ಅಂದುಕೊಂಡಿದ್ದಳು. ಅವಳ ಅತ್ತೆ ಒಪ್ಪಲಿಲ್ಲ. ಕುಳ್ಳ ಗಿಡ ಹೊಸ್ತಿಲು ದಾಟಿ ಬಂದರೆ ಮನೆ ಬೆಳೆಯುವುದಿಲ್ಲವಂತೆ. ಗಿಡ ಇಲ್ಲೇ ಉಳಿಯಿತು. ಮೊದಲ ನಾಗರಪಂಚಮಿಗೆ ತವರಿಗೆ ಕರೆಯಲು ಹೋದ ಅವಳ ಅಣ್ಣನೂ ಒಬ್ಬನೇ ತಿರುಗಿ ಬಂದ. ಅತ್ತೆಗೆ ಆಪರೇಷನ್ ಆಗಿತ್ತು. ದಿನವೂ ಬರುತ್ತಿದ್ದ ಫೋನು ವಾರಕ್ಕೊಮ್ಮೆ ಆಯಿತು, ಆಮೇಲೆ ಹಬ್ಬಕ್ಕೊಮ್ಮೆ ಆಯಿತು. ಯುಗಾದಿಗೆ ಮಾತಾಡಿದಾಗ ಶೈಲಾ, "ಈ ಪಂಚಮಿಗೆ ಮಾತ್ರ ಏನರ ಆಗಲಿ ಬರ್ತೇನಲೇ ಅಂಜಿ. ನನ್ನ ಟೊಂಗಿ ಜ್ವಾಕಿ. ಬಂದು ಅದರ ನೆಳ್ಳಾಗ ಕುಂಡರ್ತೇನಿ," ಎಂದು ನಕ್ಕಿದ್ದಳು.

ಅಷ್ಟು ಸಾಕಾಗಿತ್ತು ಅಂಜನಾಳಿಗೆ. ಪಂಚಮಿಯವರೆಗೆ ಗಿಡ ಹಸಿರಾಗಿದ್ದರೆ ತಮ್ಮಿಬ್ಬರ ನಡುವಿನದೂ ಹಸಿರಾಗಿರುತ್ತದೆ ಎಂದು ಅವಳು ಯಾರಿಗೂ ಹೇಳದೆ ನಂಬಿಬಿಟ್ಟಳು.

ಆದರೆ ಆ ವರ್ಷದ ಬೇಸಿಗೆ ನಂಬಿಕೆಗೆ ಕಿವಿಗೊಡುವಂಥದ್ದಾಗಿರಲಿಲ್ಲ. ಮಧ್ಯಾಹ್ನ ಮಾಳಿಗೆಯ ಟಾಕಿಯ ನೀರಿಗೆ ಚಹಾಪುಡಿ ಹಾಕಿದರೆ ಸಾಕು ಎನ್ನುವಂತಿತ್ತು. ಕುಂಡ ಮುಟ್ಟಿದರೆ ರೊಟ್ಟಿಯ ಹಂಚು. ಹುಣಸೆ ಹೊತ್ತು ಮುಳುಗುವುದನ್ನು ಕಾಯದೆ ನಡುಹಗಲಲ್ಲೇ ಎಲೆ ಮುಚ್ಚಿಕೊಳ್ಳತೊಡಗಿತು. ಜಮಖಂಡಿ, ಮುಧೋಳ, ಬನಹಟ್ಟಿಗಳಲ್ಲಿ ಬೋನ್ಸಾಯ್ ಬೆಳೆಸುವವರಿಗೆಲ್ಲ ಸೇರಿಸಿ ಧರೆಪ್ಪ ಸರ್ ಮಾಡಿದ್ದ ವಾಟ್ಸಾಪ್ ಗುಂಪಿನಲ್ಲಿ ದಿನ ಬೆಳಗಾದರೆ ಯಾರದಾದರೂ ಒಣಗಿದ ಗಿಡದ ಫೋಟೋ. "ನಮ್ಮ ಆಲದ ಗಿಡ ಕುದ್ದ ಹೋತ್ರಿ" ಎಂದು ಮುಧೋಳದ ಒಬ್ಬರು ಬರೆದಿದ್ದರು. ಅಂಜನಾ ಕುಂಡವನ್ನು ಮರಳು ತುಂಬಿದ ಬುಟ್ಟಿಯಲ್ಲಿಟ್ಟಳು, ಸುತ್ತ ಗೋಣಿ ಚೀಲ ಸುತ್ತಿದಳು, ಕೊಡದಲ್ಲಿ ಆರಿಸಿಟ್ಟ ನೀರನ್ನು ಹೊತ್ತು ಹುಟ್ಟುವ ಮೊದಲೇ ಹನಿಸಿದಳು. ಹೀಗೆ ಮಾಡಿ ಮಾಡಿಯೇ ಏಪ್ರಿಲ್ ದಾಟಿಸಿದಳು.

ಮೇ ತಿಂಗಳಲ್ಲಿ ತೇರದಾಳದ ಚಿಕ್ಕಮ್ಮನ ಮನೆಯ ಮದುವೆಗೆ ಹೋಗಿ ಎರಡು ದಿನ ಉಳಿಯಬೇಕಾಯಿತು. ತಿರುಗಿ ಬಂದವಳು ಚಪ್ಪಲಿಯನ್ನೂ ಬಿಡದೆ ಮಾಳಿಗೆಗೆ ಓಡಿದಳು. ಕುಂಡದ ಮಣ್ಣಿನ ಮೇಲೆ ಬೆಳ್ಳಗೆ ಒಂದು ಹಕ್ಕಳೆ ಕಟ್ಟಿತ್ತು. ಬೆರಳಿಂದ ಬಡಿದರೆ ಟಕ್ ಟಕ್ ಎಂದಿತು. ಹುಳಿ ವಾಸನೆ ಬೇರೆ.

"ಯವ್ವಾ! ಏನ ಹಾಕಿದಿಬೇ ಇದಕ್ಕ?"

ಸಾತವ್ವ ಮೆಟ್ಟಿಲ ಮೇಲೆ ಉಸಿರು ಬಿಡುತ್ತ ಬಂದು ನಿಂತಳು. "ಗಂಜಿ ಹಾಕೇನಿ. ಎಲಿ ಬಾಡಿ ಜೋತಬಿದ್ದಿದ್ವು ಯವ್ವಾ, ನೋಡಾಕಾಗಲಿಲ್ಲ. ಬಿಸಲಾಗ ನಮಗರ ಗಂಜಿ ಕುಡದ್ರ ಜೀವ ಬರೂದಿಲ್ಲೇನು? ನೂಲಿಗೆ ಕಾಸಿದ್ದು ಉಳದಿತ್ತು, ಎರಡೂ ದಿನ ಎರದೇನಿ."

"ನೂಲಿನ ಗಂಜಿ?"

"ಮತ್ತ? ಛಲೋ ದಪ್ಪಂದು."

ನೂಲನ್ನು ಬಿರುಸು ಮಾಡುವ ಗಂಜಿ ಮಣ್ಣನ್ನೂ ಬಿರುಸು ಮಾಡಿತ್ತು. ಮೇಲಿಂದ ನೀರು ಇಳಿಯದಂತೆ ಮುಚ್ಚಿ, ಒಳಗೆ ಬಿಸಿಲಿಗೆ ಹುಳಿತು ಬೇರನ್ನು ಕೊಳೆಸಿತ್ತು. ತಾಯಿಯ ಮುಖ ನೋಡಿದರೆ ಅಂಜನಾಳಿಗೆ ಬೈಯುವಂತೆಯೂ ಇರಲಿಲ್ಲ. ಒದ್ದೆ ಟಾವೆಲ್ಲಿನಲ್ಲಿ ಕುಂಡವನ್ನು ಸುತ್ತಿ, ಕೂಸಿನಂತೆ ಎದೆಗವಚಿಕೊಂಡು ಜಮಖಂಡಿಯ ಬಸ್ಸು ಹತ್ತಿದಳು.

ಕಂಡಕ್ಟರ್ ಟಾವೆಲ್ಲಿನ ಒಳಗೆ ಇಣುಕಿದ. "ಇದು ಹೆಣ್ಣ ಗಿಡಾನೊ ಗಂಡ ಗಿಡಾನೊ ತಂಗಿ? ಹೆಣ್ಣಾದ್ರ ಫ್ರೀ. ಗಂಡಾದ್ರ ಅರ್ಧಾ ಟಿಕೀಟ ತಗೀಬೇಕಾಕ್ಕೈತಿ ನೋಡು."

"ಆಧಾರ್ ಕಾರ್ಡ ಕೇಳೋ ಮಾರಾಯಾ ಮೊದಲ," ಎಂದು ಹಿಂದಿನ ಸೀಟಿನಿಂದ ಒಬ್ಬರೆಂದರು. ಬಸ್ಸೆಲ್ಲ ನಕ್ಕಿತು. ಅಂಜನಾ ಕಿಟಕಿಯ ಕಡೆ ಮುಖ ತಿರುಗಿಸಿದಳು. ಶೈಲಾ ಇದ್ದಿದ್ದರೆ ಆ ಕಂಡಕ್ಟರನಿಗೆ ಇಡೀ ದಾರಿ ಮಾತಿಗೆ ಮಾತು ಕೊಡುತ್ತಿದ್ದಳು.

ಧರೆಪ್ಪ ಸರ್ ಮನೆಯ ಮಾಳಿಗೆಯಲ್ಲಿ ಈಗ ಕಾಡು ಇರಲಿಲ್ಲ. ಬರಿದಾದ ಕುಂಡಗಳನ್ನು ಒಂದರ ಮೇಲೊಂದು ಬೋರಲು ಹಾಕಿಟ್ಟಿದ್ದರು. ಉಳಿದ ಕೆಲವು ಗಿಡಗಳು ಬಚ್ಚಲುಮನೆಯಲ್ಲಿ ಸಾಲಾಗಿ ಕುಳಿತಿದ್ದವು.

"ಈಗ ಅವು ಝಳಕಾ ಮಾಡ್ತಾವು, ನಾ ಹೊರಗ ನಿಂತಿರ್ತೇನಿ," ಎಂದು ನಗಲು ಹೋದ ಸರ್, ಕುಂಡ ನೋಡಿ ಹತ್ತಿರ ಬಂದು ಬಾಗಿದರು. "ಏನವಾ ಇದು, ಮುಧೋಳ ನಾಯಿ ಹಂಗ ಪಕ್ಕಡಿ ಎಲಬ ಎಣಸೂವಂಗ ಆಗೇತಲ್ಲ!"

ಗಂಜಿಯ ಕಥೆ ಕೇಳಿ ಅವರು ಬೈಯಲಿಲ್ಲ. "ನಿಮ್ಮವ್ವನ ತಪ್ಪಲ್ಲ. ಪುಸ್ತಕದಾಗ ಹುಣಸಿಗೆ ತುಂಬ ಬಿಸಲ ಬೇಕಂತ ಬರದಾರ. ಬರದವರ ಬಿಸಲ ಬ್ಯಾರೆ, ಈ ಬಿಸಲ ಬ್ಯಾರೆ. ಮೊದಲೆಲ್ಲಾ ಬ್ಯಾಸಗ್ಯಾಗ ಎರಡ ಅಡ್ಡಮಳಿ ಆಗಿ ತಂಪ ಮಾಡ್ತಿದ್ವು. ಈಗ ಮೋಡ ಬರೇ ಮಾರಿ ತೋರಿಸಿ ಹೊಕ್ಕಾವು." ಮಾತಾಡುತ್ತಲೇ ಗಿಡವನ್ನು ಕುಂಡದಿಂದ ಎಬ್ಬಿಸಿ, ಕರಿದಾಗಿ ಮೆತ್ತಗಾದ ಬೇರುಗಳನ್ನು ಕತ್ತರಿಸಿ ತೆಗೆದರು. ಉಳಿದದ್ದು ಒಂದು ಹಿಡಿ.

"ಕೇಳಿಲ್ಲೆ. ಎರಡ ಟೊಂಗಿಗೆ ನೀರ ಹೊರೂ ತಾಕತ್ತ ಈ ಬೇರಿಗಿಲ್ಲ. ಒಂದ ತಗೀಬೇಕು, ಇವತ್ತ ತಗೀಬೇಕು. ಈ ಚಾಚಿದ್ದಕ್ಕ ಎಲಿ ಭಾಳ, ನೀರೂ ಭಾಳ ಕೇಳತೈತಿ. ಇದನ್ನ ತಗದಬಿಡು. ನೆಟ್ಟಗಿಂದ ಇಟ್ಟುಕೊಂಡ್ರ ಗಿಡ ಉಳಿದೀತು."

ಚಾಚಿದ್ದು ಶೈಲಾಳದು. ಕತ್ತರಿಯನ್ನು ಅಂಜನಾಳ ಕೈಗೆ ಕೊಟ್ಟು ಸರ್ ಚಹಾಕ್ಕೆ ಹೇಳಲು ಒಳಗೆ ಹೋದರು.

ಅಂಜನಾ ಶೈಲಾಳಿಗೆ ಫೋನು ಹಚ್ಚಿದಳು. ಎರಡು ಸಲ ಎತ್ತಲಿಲ್ಲ. ಮೂರನೆಯ ಸಲ ಎತ್ತಿದಾಗ ಹಿಂದೆ ಕುಕ್ಕರಿನ ಸೀಟಿ, ಯಾರೋ ಯಾರನ್ನೋ ಕರೆಯುವ ದನಿ.

"ಹಾಂ ಅಂಜಿ, ಬೇಗ ಹೇಳಲೇ, ಮನ್ಯಾಗ ಬೀಗರ ಬಂದಾರ."

ಅಂಜನಾ ಹೇಳಿದಳು. ಗಂಜಿ, ಬೇರು, ಟೊಂಗೆ. ಇಬ್ಬರ ಟೊಂಗೆಯಲ್ಲಿ ಒಂದನ್ನು ಕಡಿಯಬೇಕು, ನಿನ್ನನ್ನು ಕೇಳದೆ ಹೆಂಗ ಕಡೀಲಿ ಅಂತ ಹಚ್ಚಿದೆ.

"ಅಯ್ಯ, ಅದಕ್ಕೇನ ಕೇಳ್ತಿ? ಯಾವದರ ಒಂದ ಕಡಿ." ಶೈಲಾ ಆಚೆ ಯಾರಿಗೋ ತಾಟು ಎಲ್ಲಿದೆ ಎಂದು ಹೇಳಿ ಮತ್ತೆ ಫೋನಿಗೆ ಬಂದಳು. "ಅಂದಂಗ ನಂದ ಯಾವದಲೇ ಅದರಾಗ? ನೆಟ್ಟಗಿಂದು ಹೌದಿಲ್ಲೊ?"

ಅಂಜನಾ ಟೊಂಗೆಯ ಮೇಲಿನ ಬಳೆಯ ಗುರುತುಗಳನ್ನೇ ನೋಡುತ್ತ ನಿಂತಳು.

"ಹಲೋ? ಅಂಜಿ?"

"ಪಂಚಮಿಗೆ ಬರ್ತಿಯಿಲ್ಲೊ?"

"ಬರ್ತೇನಲೇ, ಖರೇನ ಬರ್ತೇನಿ. ಇಡ್ತೇನಿ ಈಗ."

ಧರೆಪ್ಪ ಸರ್ ಚಹಾ ಹಿಡಿದು ಹೊರಗೆ ಬಂದಾಗ ನೆಟ್ಟಗಿನ ಟೊಂಗೆ ನೆಲದ ಮೇಲೆ ಬಿದ್ದಿತ್ತು. ಅಂಜನಾ ಗಾಯಕ್ಕೆ ಅರಿಷಿಣ ಮೆತ್ತಿ, ಚಾಚಿದ ಟೊಂಗೆಯ ಎಲೆಗಳನ್ನು ಒಂದೊಂದಾಗಿ ಬಿಡಿಸಿ ತೆಗೆಯುತ್ತಿದ್ದಳು, ಅದರ ನೀರಡಿಕೆ ಅಷ್ಟಾದರೂ ಕಡಿಮೆಯಾಗಲಿ ಎಂದು.

"ಅಲ್ಲವಾ, ನಾ ಹೇಳಿದ್ದೇನು, ನೀ ಮಾಡಿದ್ದೇನು! ಉಳಿಯೂದನ್ನ ಕಡದ ಒಗದ್ಯಲ್ಲ?"

"ಇದು ನಂದಲ್ರಿ ಸರ್," ಎಂದಳು ಅಂಜನಾ. "ನಂದನ್ನಷ್ಟ ಕಡದೇನಿ."

ಸರ್ ಅವಳ ಮುಖ ನೋಡಿ ಚಹಾದ ಕಪ್ಪನ್ನು ಮುಂದೆ ಚಾಚಿದರು.

ಮನೆಗೆ ತಂದ ಮೇಲೆ ಗಿಡಕ್ಕೆ ಮಾಳಿಗೆ ಬೇಡವಾಯಿತು. ಮಗ್ಗದ ಕುಣಿಯ ಪಕ್ಕ ನೆಲ ಸದಾ ತಣ್ಣಗಿರುತ್ತದೆ. ಸಾತವ್ವ ತಾನೇ ಅಲ್ಲಿ ಜಾಗ ಮಾಡಿಕೊಟ್ಟಳು. ಮಧ್ಯಾಹ್ನ ತಾನು ಉಣ್ಣುವ ಮೊದಲು ಗೋಣಿ ಚೀಲ ತೋಯಿಸಿ ಕುಂಡಕ್ಕೆ ಸುತ್ತುತ್ತಿದ್ದಳು. "ಬರೇ ನೀರವಾ, ಬರೇ ನೀರು. ವಾಸನಿ ನೋಡ ಬೇಕಾದ್ರ," ಎಂದು ಮಗಳಿಗೆ ಕೈ ಮುಂದೆ ಮಾಡುವಳು.

ಎಲೆಯಿಲ್ಲದ ಒಂಟಿ ಟೊಂಗೆ, ಯಾರೋ ಏನನ್ನೋ ಕೇಳಲು ಚಾಚಿದ ಕೈಯಂತೆ ಹಾಗೇ ಇತ್ತು. ಜೂನ್ ಮೊದಲಿಗೆ ಬರಬೇಕಾದ ಮಿರಗದ ಮಳೆ ಬರಲಿಲ್ಲ. ಶೈಲಾಳ ಫೋನೂ ಬರಲಿಲ್ಲ. ಅಂಜನಾ ತಾನಾಗಿ ಹಚ್ಚಲಿಲ್ಲ. ಹಚ್ಚಿದರೆ ಗಿಡ ಹೇಗಿದೆ ಎಂದು ಕೇಳುವಳೇನೋ ಎಂಬ ಭಯ. ಕೇಳದೇ ಹೋದರೆ ಎಂಬುದು ಅದಕ್ಕಿಂತ ದೊಡ್ಡದು. ಬೀಳಗಿಯ ಬೋರ್ಡು ಹಾಕಿದ ಬಸ್ಸು ಕಂಡಾಗೆಲ್ಲ ಕಾಲು ತಡೆದು ನಿಲ್ಲುತ್ತಿದ್ದವು.

ಮಿರಗ ಹೋಗಿ ಆರಿದ್ರೆ ಹಿಡಿದಾಗ ಒಂದು ಮಧ್ಯಾಹ್ನ ತಗಡಿನ ಮೇಲೆ ದಪ್ಪ ಹನಿ ಬಡಿದವು. ಅಂಜನಾ ಕುಂಡವನ್ನು ಎತ್ತಿಕೊಂಡು ಮಾಳಿಗೆಗೆ ಓಡಿ ಮಳೆಯಲ್ಲಿಟ್ಟು, ತಾನೂ ಅದರ ಪಕ್ಕ ತೊಯ್ಯುತ್ತ ಕುಳಿತಳು. ಮುಂದಿನ ವಾರ ತಂತಿಯ ಗುರುತಿನ ಕೊನೆಯ ಬಳೆಯ ಹತ್ತಿರ ಅಕ್ಕಿಕಾಳಿನಷ್ಟು ಕೆಂಪು ಚಿಗುರು ಕಂಡಿತು. ಅವಳು ಯಾರಿಗೂ ಹೇಳಲಿಲ್ಲ. ಸಾತವ್ವನೇ ಕಂಡು ಮಾದೇವಿಗೆ ಕೂಗಿ ಹೇಳಿದಳು.

ಪಂಚಮಿಗೆ ಶೈಲಾ ಬಂದಳು. ಹಾಲೆರೆದ ಮರುದಿನ ಸಂಜೆ ಡಬ್ಬಿ ತುಂಬ ಶೇಂಗಾ ಉಂಡಿ, ಎಳ್ಳುಂಡಿ ಹಿಡಿದುಕೊಂಡು ಅಂಜನಾಳ ಮನೆಗೆ ಬಂದಳು. ಸ್ವಲ್ಪ ದಪ್ಪಗಾಗಿದ್ದಳು. ನಗು ಅದೇ. ಸಾತವ್ವನ ಕಾಲು ಮುಟ್ಟಿ, ಬೀಳಗಿಯ ಬಿಸಿಲು, ಅತ್ತೆಯ ಮಂಡಿನೋವು, ಗಂಡನ ಹೊಸ ಗಾಡಿ ಎಲ್ಲ ಒಂದೇ ಉಸಿರಿಗೆ ಹೇಳಿದಳು. ನಡುನಡುವೆ ಫೋನು. ಕೊನೆಗೆ ಇಬ್ಬರೂ ಮಾಳಿಗೆ ಹತ್ತಿದರು.

ಮಳೆ ಹಿಡಿದ ಮೇಲೆ ಗಿಡ ಮತ್ತೆ ಮಾಳಿಗೆಗೆ ಬಂದಿತ್ತು; ಹಸಿರು ಸೀರೆಯ ಚಪ್ಪರವಿರಲಿಲ್ಲ. ಶ್ರಾವಣದ ತೆಳು ಬಿಸಿಲಲ್ಲಿ ಟೊಂಗೆ ಎಲೆ ತುಂಬಿಕೊಂಡು ಆಚೆ ಚಾಚಿತ್ತು.

"ಅಯ್ಯ ಇವನ! ನಿಂದ ಉಳಸ್ಕೊಂಡಿ, ನಂದ ಕಡದಿ ಹೌದಿಲ್ಲೊ?" ಶೈಲಾ ಅವಳ ಬೆನ್ನಿಗೊಂದು ಗುದ್ದಿದಳು. "ಇರಲಿ ಬಿಡು, ಛಲೋ ಮಾಡಿದಿ. ಜ್ವಾಕಿ ಮಾಡಿದಾಕಿ ನೀ."

ಅಂಜನಾ ಹೇಳಲು ಬಾಯಿ ತೆರೆದಳು. ಗಂಟಲು ಕಟ್ಟಿತು. ಶೈಲಾಳ ಮುಂದೆ ಹಾಗಾದದ್ದು ಅದೇ ಮೊದಲು.

ಶೈಲಾ ಕುಂಡದ ಮುಂದೆ ಕುಕ್ಕರುಗಾಲಲ್ಲಿ ಕುಳಿತು ಟೊಂಗೆಯ ಮೇಲೆ ಬೆರಳಾಡಿಸಿದಳು. ಬಳೆಯ ಗುರುತುಗಳ ಮೇಲೆ ಬೆರಳು ತಡೆಯಿತು. "ಎಷ್ಟ ಬಿಗಿ ಕಟ್ಟಿದ್ದೀಲೇ ನೀ ತಂತಿ! ಪಾಪ, ಇನ್ನೂ ಕಲಿ ಉಳದಾವ ನೋಡು."

"ಹೂಂ," ಎಂದಳು ಅಂಜನಾ. "ಆವಾಗ ಗೊತ್ತಾಗ್ತಿರಲಿಲ್ಲ."

ಕೆಳಗಿನಿಂದ ಮಗ್ಗದ ಸದ್ದು ಬರುತ್ತಿತ್ತು. ಓಣಿಯ ಬೇವಿನ ಮರಕ್ಕೆ ಕಟ್ಟಿದ್ದ ಜೋಕಾಲಿಯಲ್ಲಿ ಯಾರೋ ಜೀಕುತ್ತ ಕಿರುಚುತ್ತಿದ್ದರು. ಶೈಲಾಳ ಫೋನು ಮತ್ತೆ ಬಡಿದುಕೊಂಡಿತು. ಅವಳು ಅದನ್ನು ನೋಡಿ, ಎತ್ತದೆ, ಮಗುಚಿ ನೆಲದ ಮೇಲಿಟ್ಟಳು. ಹೊತ್ತು ಇಳಿಯುತ್ತಿತ್ತು. ಟೊಂಗೆಯ ತುದಿಯ ಎಲೆಯೊಂದು ಮುಚ್ಚಿಕೊಂಡಿತು. ಅದರ ಹಿಂದೆ ಇನ್ನೊಂದು, ಮತ್ತೊಂದು, ಜೋಡಿ ಜೋಡಿಯಾಗಿ.

ಶೈಲಾ ಬಾಯಿಗೆ ಬೆರಳಿಟ್ಟಳು. ಕಣ್ಣು ಕಾಲೇಜಿನ ದಿನಗಳಂತೆ ಅಗಲವಾಗಿದ್ದವು.

"ಮಲಗಿತು ನೋಡಲೇ," ಎಂದು ಪಿಸುಗುಟ್ಟಿದಳು. "ಸಾವಕಾಶ ಮಾತಾಡು."

ಅಂಜನಾ ಮಾತಾಡುತ್ತಲೇ ಇರಲಿಲ್ಲ. ಆದರೂ ಅವಳ ಪಕ್ಕ ಕುಳಿತು, ಭುಜಕ್ಕೆ ಭುಜ ತಾಗುವಷ್ಟು ಸರಿದು, "ಹೂಂ," ಎಂದಳು, ಅಷ್ಟೇ ಸಾವಕಾಶವಾಗಿ.