ಬೆಟ್ಟದಾಚೆಯ ಹಿತ್ತಿಲು

ಬೆಳಗಿನ ಐದೂವರೆಗೆ ನೀಲಕ್ಕ ಬೆನ್ನಿಗೆ ರಾಗಿ ಮೂಟೆ ಕಟ್ಟಿಕೊಂಡು ಕೆರೆಯ ಏರಿ ಹತ್ತುತ್ತಿದ್ದರು. ಹತ್ತಿ, ಇಳಿದು, ಮತ್ತೆ ಹತ್ತುತ್ತಿದ್ದರು. ಅವರ ಮನೆಯ ಮಹಡಿಯ ಕೋಣೆಯಲ್ಲಿ ನಾನು ಆಗ ಬಾಡಿಗೆಗಿದ್ದೆ. ಕಿಟಕಿಯಿಂದ ಏರಿ ಪೂರ್ತಿ ಕಾಣುತ್ತಿತ್ತು. ಐವತ್ತು ದಾಟಿದ ಹೆಂಗಸು ಒಂದೇ ದಿನದಲ್ಲಿ ಹತ್ತಿಳಿಯುವ ಬೆಟ್ಟಕ್ಕಾಗಿ ಇಷ್ಟು ತಯಾರಾಗುವುದು ಏಕೆಂದು ನನಗೆ ಹೊಳೆಯಲಿಲ್ಲ.

ಆ ಬೆಟ್ಟವನ್ನು ನಾನು ಎರಡು ಸಲ ಹತ್ತಿದ್ದೆ. ಪತ್ರಿಕೆಯಲ್ಲಿ ಕೆಲಸ ಮಾಡುವವನು ಸುಮ್ಮನೆ ಅಂದಾಜು ಹೇಳುವುದಿಲ್ಲವೆಂದು ಹತ್ತುವ ಯೋಜನೆಯನ್ನು ನೀಲಕ್ಕ ನನಗೇ ಒಪ್ಪಿಸಿದ್ದರು. ಹೋಗುವವರು ನೀಲಕ್ಕ, ಅವರ ಗಂಡ ಶಿವನಂಜಪ್ಪ, ನಾನು. ನಸುಕಿನಲ್ಲಿ ಬುಡದಿಂದ ಹೊರಡುವುದು, ನಡುದಾರಿಯ ಬಂಡೆಯ ದೊಣೆಯಲ್ಲಿ ನೀರು ತುಂಬಿಕೊಳ್ಳುವುದು, ತುದಿ ಸಿಗಲಿ ಬಿಡಲಿ ಮಧ್ಯಾಹ್ನ ಹನ್ನೆರಡಕ್ಕೆ ಹಿಂದಿರುಗುವುದು ಎಂದು ವಿವರಿಸಿದೆ.

"ಆ ಕಡೆಗೆ ಇಳಿಯೋಕೆ ಎಷ್ಟು ಹೊತ್ತು?" ಎಂದು ನೀಲಕ್ಕ ಕೇಳಿದರು.

"ನಾವು ಬರೋದು ಇದೇ ಕಡೆ ಅಲ್ವೇನಕ್ಕ?"

"ಕೇಳಿದ್ದಕ್ಕೆ ಹೇಳಪ್ಪ. ಇಳಿದು ಮತ್ತೆ ತುದಿಗೆ ಹತ್ತೋಕೆ?"

"ಇಳಿಯೋಕೆ ಒಂದೂವರೆ ಗಂಟೆ. ಹತ್ತೋಕೆ ಅದರ ಎರಡರಷ್ಟು."

ಅವರು ಮನಸ್ಸಿನಲ್ಲೇ ಏನೋ ಕೂಡಿಸಿಕೊಂಡರು. ಮರುದಿನದಿಂದ ಏರಿಯ ಮೇಲಿನ ಸುತ್ತುಗಳು ಹೆಚ್ಚಾದವು.

ಇದೆಲ್ಲ ಏಕೆಂದು ನಾನು ಶಿವನಂಜಪ್ಪನವರನ್ನು ಕೇಳಿದೆ. "ಮದುವೆಯಾದಾಗಿಂದ ಎಲ್ಲಿಗಾದ್ರೂ ಕರ್ಕೊಂಡ್ ಹೋಗಿ ಅಂದವಳಲ್ಲ. ಈಗ ಕೇಳವ್ಳೆ, ಅದೂ ಬಸ್ಸು ಹೋಗದ ಜಾಗಕ್ಕೆ. ಕಾರಣ ಕೇಳಿ ಅದನ್ನೂ ಕಳ್ಕೊಳ್ಳೋನಲ್ಲ ನಾನು" ಎಂದರು.

ಹೊರಡುವ ಹಿಂದಿನ ಸಂಜೆ ನೀಲಕ್ಕನ ಗಂಟು ಎತ್ತಿ ನೋಡಿ, ಅರ್ಧ ತೆಗೆದಿಡಿ ಎಂದೆ.

"ಹೊರೋಳು ನಾನು. ನಿನ್ ತಕ್ಕಡಿ ನಿನ್ ಹತ್ರನೇ ಇರ್ಲಿ."

ಮರುದಿನ ಹತ್ತೂವರೆಗೆ ನಾವು ತುದಿಯಲ್ಲಿದ್ದೆವು. ಮಂಜಿರಲಿಲ್ಲ. ಆಚೆ ಬದಿಯ ತಪ್ಪಲಿನಲ್ಲಿ ಒಂದು ಸಾಲು ಹೆಂಚಿನ ಮನೆಗಳು, ಅವುಗಳ ಮುಂದೆ ರಸ್ತೆ. ನೀಲಕ್ಕ ಬಂಡೆಯ ಮೇಲೆ ಕುಳಿತು, ಸಡಿಲವಾಗಿದ್ದ ಗಂಟನ್ನು ಬಿಚ್ಚಿದರು. ಒಳಗೆ ಅಂಟಿನುಂಡೆಯ ದೊಡ್ಡ ಡಬ್ಬಿ, ಒಣಕೊಬ್ಬರಿ, ಒಂದು ಕುಲಾವಿ. ಬಾಣಂತಿಯಿರುವ ಮನೆಗೆ ಒಯ್ಯುವ ಸಾಮಾನು.

"ಅದು ನನ್ನ ತವರು. ತಮ್ಮನ ಮಗಳು ಹೆತ್ತವ್ಳೆ" ಎಂದರು.

"ಬಸ್ಸಲ್ಲಿ ಹೋಗಬಹುದಿತ್ತಲ್ಲಕ್ಕ?"

ಆಗ ವಿಷಯ ಹೊರಬಂತು. ಆ ಹುಡುಗಿಯ ಮದುವೆಯಲ್ಲಿ ಸೋದರತ್ತೆ ಹಿಡಿಯಬೇಕಾದ ಕಳಸವನ್ನು ತಮ್ಮ ರುದ್ರೇಶ ತನ್ನ ನಾದಿನಿಯ ಕೈಗೆ ಕೊಟ್ಟಿದ್ದ. ನೀಲಕ್ಕ ಜಗಲಿಯ ಮೇಲೆ ನಿಂತು, ನೆಂಟರೆಲ್ಲರ ಎದುರಿಗೆ, ಈ ಮನೆಯ ಮುಂಬಾಗಿಲ ಹೊಸ್ತಿಲು ಇನ್ನು ತುಳಿಯುವುದಿಲ್ಲವೆಂದು ಆಣೆಯಿಟ್ಟು ಬಂದಿದ್ದರು.

"ಮುಂಬಾಗಿಲು ಅಂದಿದ್ದೆ. ಹಿತ್ತಿಲ ಬಾಗಿಲಿನ ಮಾತು ಎತ್ತಿರಲಿಲ್ಲ."

ಆ ಊರಿನ ಮನೆಗಳು ಗೋಡೆಗೆ ಗೋಡೆ ಅಂಟಿಕೊಂಡಿದ್ದವು. ರಸ್ತೆಯಿಂದ ಹಿತ್ತಿಲಿಗೆ ಸಂದಿಯಿರಲಿಲ್ಲ, ಸಾಲಿನ ಎರಡೂ ತುದಿಗಳು ಕಡಿದಾದ ಬಂಡೆಗೆ ತಾಗಿದ್ದವು. ಹಿತ್ತಿಲು ತೆರೆದಿದ್ದುದು ಬೆಟ್ಟದ ಕಡೆಗೆ ಮಾತ್ರ.

"ಅವರು ಬಾಗಿಲು ತೆಗೀದಿದ್ರೆ?"

"ಮತ್ತೆ ಹತ್ತೋಕೆ ಎಷ್ಟು ಹೊತ್ತು ಅಂತ ಅದಕ್ಕೇ ತಾನೆ ಕೇಳಿದ್ದು."

"ನಾನೂ ಬರ್ಲೇನೆ?" ಎಂದರು ಶಿವನಂಜಪ್ಪ.

"ಬೇಡಿ. ಅಳಿಯ ಆದೋರು ಹಿತ್ತಿಲಿಂದ ಬಂದ್ರೆ ಊರು ನಗುತ್ತೆ."

ಬೆನ್ನ ಮೇಲಿನ ಗಂಟು ಬಂಡೆಗಳ ನಡುವೆ ಇಳಿಯುತ್ತ ಚಿಕ್ಕದಾಯಿತು. ಹನ್ನೆರಡಾಯಿತು. ಹಿಂದಿರುಗುವ ಮಾತನ್ನು ನಾನೂ ಎತ್ತಲಿಲ್ಲ, ಶಿವನಂಜಪ್ಪನವರೂ ಎತ್ತಲಿಲ್ಲ. ನಾನು ತಂದಿದ್ದ ದುರ್ಬೀನಿನಲ್ಲಿ ನೀಲಕ್ಕನ ಕೆಂಪು ಸೀರೆ ಒಂದು ಬೇಲಿಯನ್ನು ದಾಟಿ, ಬಾಗಿಲ ಮುಂದೆ ನಿಂತಿತು.

"ಏನಾಯ್ತಪ್ಪ?"

"ನಿಂತಿದಾರೆ."

"ಇನ್ನೂ?"

"ಇನ್ನೂ."

ಅವರು ದುರ್ಬೀನು ಕೇಳಲಿಲ್ಲ. ಬಂಡೆಯ ಸಂದಿಯಲ್ಲಿ ಬೆಳೆದಿದ್ದ ಹುಲ್ಲನ್ನು ಒಂದೊಂದೇ ಕೀಳುತ್ತಿದ್ದರು.

ಕೊನೆಗೆ ಬಾಗಿಲಲ್ಲಿ ಬಿಳಿ ಬಟ್ಟೆಯೊಂದು ಕಾಣಿಸಿತು, ರುದ್ರೇಶನೇ ಇರಬೇಕು. ಇಬ್ಬರೂ ಎದುರುಬದುರು ನಿಂತಿದ್ದರು. ಎಷ್ಟು ಹೊತ್ತೆಂದು ನಾನು ಗಡಿಯಾರ ನೋಡಲಿಲ್ಲ. ಆಮೇಲೆ ಬಿಳಿ ಬಟ್ಟೆ ಮುಂದೆ ಬಂದು ನೀಲಕ್ಕನ ಬೆನ್ನಿನಿಂದ ಗಂಟನ್ನು ಇಳಿಸಿಕೊಂಡಿತು. ಮತ್ತೆ ನೋಡಿದಾಗ ಹಿತ್ತಿಲಲ್ಲಿ ಯಾರೂ ಇರಲಿಲ್ಲ.

"ಒಳಗೆ ಹೋದರು" ಎಂದೆ.

"ಹಾಗಾದ್ರೆ ಬುತ್ತಿ ಬಿಚ್ಚು. ಹಸಿವಾಗ್ತಿದೆ" ಎಂದರು ಶಿವನಂಜಪ್ಪ.

ನಾವಿಬ್ಬರೂ ಬಂದ ದಾರಿಯಲ್ಲೇ ಇಳಿದೆವು. ಮಗುವಿಗೆ ಹೆಸರಿಡುವವರೆಗೆ ನೀಲಕ್ಕ ಅಲ್ಲೇ ಉಳಿದರು. ಆ ಬೇಸಗೆಯಲ್ಲಿ ರುದ್ರೇಶ ಹಿತ್ತಿಲ ಬಾಗಿಲಿಗೆ ಎರಡು ಕಲ್ಲಿನ ಮೆಟ್ಟಿಲು ಹಾಕಿಸಿದ.