ಬುರುಲ್ಚಾ ಅಕ್ಕನ ಕಾರ್ಡಿನಲ್ಲಿ ನಾನು ಬರೆದದ್ದು

ಕುರಿ ಮರಿ ಹಾಕುವ ಕಾಲ ಬಂತೆಂದರೆ ನಮ್ಮೂರಲ್ಲಿ ಹುಳುಕಡ್ಡಿಯೂ ಬಂತು. ಮರಿ ಎತ್ತಿಕೊಂಡವರ ತೋಳಲ್ಲಿ, ಮರಿಯನ್ನು ಮುದ್ದಾಡಿದ ಮಕ್ಕಳ ತಲೆಯಲ್ಲಿ, ಎಲ್ಲೆಲ್ಲೂ ಅದೇ. ನಾನು ಜಿಪಾರ್. ನಾರಿನ್ ಪಟ್ಟಣದ ಕಡೆಯ ಈ ಬೆಟ್ಟದೂರಿನ ಆರೋಗ್ಯ ಕೇಂದ್ರ ನೋಡಿಕೊಳ್ಳುವವಳು. ನಾನು ಡಾಕ್ಟರಲ್ಲ, ಆದರೆ ಡಾಕ್ಟರಿಲ್ಲದ ಊರಿಗೆ ನಾನೇ ಡಾಕ್ಟರು. ಮೂವತ್ತೊಂದು ವರ್ಷದ ಸರ್ವೀಸು. ಆ ಕಾಲದಲ್ಲಿ ಯಾರ ತಲೆಯಲ್ಲಾದರೂ ಗುಂಡಗೆ ಕೂದಲು ಹೋಗಿದ್ದರೆ ನನ್ನ ಪೆನ್ನು ತಾನಾಗಿ ‘ಬಿ 35’ ಎಂದು ಬರೆದುಬಿಡುತ್ತಿತ್ತು. ಒಂದೊಂದು ರೋಗಕ್ಕೂ ಒಂದೊಂದು ಸಂಕೇತ ಇರುತ್ತದೆ. ಇದು ಹುಳುಕಡ್ಡಿಯದು, ಅಂದರೆ ಅಂಟುವ ರೋಗದ್ದು.

ಬುರುಲ್ಚಾ ಅಕ್ಕ ಬಂದಾಗಲೂ ಅದನ್ನೇ ಬರೆದೆ.

ಅಕ್ಕನಿಗೆ ಐವತ್ತೆರಡು ವರ್ಷ. ಗಂಡ ತೀರಿಕೊಂಡಿದ್ದಾನೆ, ಮಗ ಮಂದೆಯ ಜೊತೆ ಬೆಟ್ಟದ ಮೇಲೆ, ಸೊಸೆ ನುರಿಝಾ ಬಸುರಿ. ಅಕ್ಕ ತಲೆವಸ್ತ್ರ ಬಿಚ್ಚಿ ತೋರಿಸಿದಳು. ನಾಣ್ಯದಗಲದ ಮೂರು ಬೋಳು ಜಾಗ.

“ತುರಿಕೆ ಇದ್ಯಾ ಅಕ್ಕ?”

“ಇಲ್ಲ ಕಣೇ. ನೋವೂ ಇಲ್ಲ. ಬೆಳಿಗ್ಗೆ ಎದ್ರೆ ದಿಂಬಿನ ಮೇಲೆ ಕೂದಲು, ಅಷ್ಟೆ.”

ಅವಳ ಚಿಕಿತ್ಸೆಯ ಕಾರ್ಡಿನಲ್ಲಿ ಎಲ್ಲ ಬರೆದುಕೊಂಡೆ. ತುರಿಕೆಯಿಲ್ಲ. ಚರ್ಮ ನುಣುಪು, ಸಿಪ್ಪೆ ಏಳುತ್ತಿಲ್ಲ. ಉಗುರುಗಳ ಮೇಲೆ ಸೂಜಿಮೊನೆಯಷ್ಟು ಗುಳಿಗಳು. ಇಷ್ಟೆಲ್ಲ ಬರೆದು ಕೆಳಗೆ ಬಿ 35 ಹಾಕಿದೆ. ತಲೆಯ ಚರ್ಮ ಕೆರೆದು ಪರೀಕ್ಷೆಗೆ ಕಳಿಸಲಿಲ್ಲ. ಕಳಿಸುವುದೇನು, ನನಗೆ ಗೊತ್ತಿಲ್ಲದ ಹುಳುಕಡ್ಡಿಯೇ?

ಮೂರು ಸಲ ಔಷಧಿ ಕೊಟ್ಟೆ. ಮೂರು ಬೋಳು ಜಾಗ ಏಳಾದವು. “ನೀನು ಸರಿಯಾಗಿ ಹಚ್ಕೊಳ್ತಿಲ್ಲ” ಎಂದು ಅವಳನ್ನೇ ಬೈದೆ. ಪಾಪ, “ಹೌದೇನೋ” ಎಂದಳು.

ಅಷ್ಟರಲ್ಲಿ ನುರಿಝಾಗೆ ಹೆರಿಗೆಯಾಯಿತು. ಹೆಣ್ಣು ಮಗು. ನೋಡಲು ಹೋದವಳು ನಾನೇ, ಸೊಸೆಯನ್ನು ಪಕ್ಕಕ್ಕೆ ಕರೆದವಳೂ ನಾನೇ.

“ನಿಮ್ಮತ್ತೆ ಕಾರ್ಡಲ್ಲಿ ಅಂಟುರೋಗ ಅಂತಿದೆ. ಮಗು ಮುಟ್ಟಿಸ್ಬೇಡ.”

“ಮನೇಲೇ ಇರ್ತಾರಲ್ಲ ಅಕ್ಕ, ಹೇಗೆ ಹೇಳ್ಲಿ?”

ಅವಳು ಹೇಳಬೇಕಾಗಲಿಲ್ಲ. ಬಾಗಿಲಾಚೆ ನಿಂತು ಕೇಳಿಸಿಕೊಂಡಿದ್ದ ಬುರುಲ್ಚಾ ಅಕ್ಕ ಆ ಸಂಜೆಯೇ ತನ್ನ ಹಾಸಿಗೆ ಸುತ್ತಿಕೊಂಡು ಅಂಗಳದಾಚೆಯ, ಉಣ್ಣೆ ತುಂಬಿಡುವ ಕೋಣೆಗೆ ಹೋದಳು. ಬೇರೆ ಬಟ್ಟಲು, ಬೇರೆ ದಿಂಬು. ರೊಟ್ಟಿಯನ್ನು ಕಿಟಕಿಯಲ್ಲಿಟ್ಟು ಹೋಗುತ್ತಿದ್ದರು. ಚಹಾಕ್ಕೆ ಕರೆಯುತ್ತಿದ್ದ ನೆರೆಯವರು ಕರೆಯುವುದನ್ನು ಬಿಟ್ಟರು. ಮಗು ಅತ್ತರೆ ಅಕ್ಕ ಎದ್ದು ಬಾಗಿಲ ತನಕ ಬರುವಳು, ನಿಲ್ಲುವಳು, ಮತ್ತೆ ಒಳಗೆ ಹೋಗಿ ಕೂರುವಳು.

ನಮ್ಮಲ್ಲಿ ಮಗುವಿನ ನಲವತ್ತನೆಯ ದಿನ ಅಜ್ಜಿಯದು. ಅಜ್ಜಿ ನಲವತ್ತು ಚಮಚ ನೀರೆರೆದು ಮಗುವಿಗೆ ಸ್ನಾನ ಮಾಡಿಸಬೇಕು, ಹುಟ್ಟುಗೂದಲು ಕತ್ತರಿಸಬೇಕು, ನಲವತ್ತು ಮನೆಯ ಬಟ್ಟೆ ತುಂಡು ಸೇರಿಸಿ ಹೊಲಿದ ಅಂಗಿ ತೊಡಿಸಬೇಕು. ಅಕ್ಕ ಅದಕ್ಕೆಂದು ಮರದ ಚಮಚವೊಂದನ್ನು ಎಣ್ಣೆ ಸವರಿ ಇಟ್ಟುಕೊಂಡಿದ್ದಳು.

“ಅಷ್ಟರೊಳಗೆ ವಾಸಿ ಆಗುತ್ತಾ ಜಿಪಾರ್?” ಎಂದು ಹೋದಾಗಲೆಲ್ಲ ಕೇಳುತ್ತಿದ್ದಳು. ಬೇರೇನನ್ನೂ ಕೇಳುತ್ತಿರಲಿಲ್ಲ.

ಮಗು ಹುಟ್ಟಿದ ಇಪ್ಪತ್ತೆರಡನೆಯ ದಿನ ಜಿಲ್ಲಾ ಆಸ್ಪತ್ರೆಯಿಂದ ತೊಟುಕನ್ ಫೋನು ಮಾಡಿದಳು. ನಮ್ಮ ಕಾರ್ಡುಗಳ ನಕಲು ಓದಿ ಸಂಕೇತಗಳನ್ನು ಕಂಪ್ಯೂಟರಿಗೆ ಏರಿಸುವವಳು ಅವಳು.

“ಜಿಪಾರಕ್ಕ, ಬುರುಲ್ಚಾ ಅನ್ನೋರ ಕಾರ್ಡು. ಬರ್ದಿರೋದಕ್ಕೂ ಸಂಕೇತಕ್ಕೂ ಹೊಂದ್ತಾನೇ ಇಲ್ವಲ್ಲ.”

“ನಾನು ಕಾಯಿಲೆ ನೋಡೋಕೆ ಶುರು ಮಾಡಿದಾಗ ನೀನಿನ್ನೂ ತೊಟ್ಟಿಲಲ್ಲಿದ್ದೆ.”

“ಇರ್ಬಹುದು. ಕಾಯಿಲೆ ಯಾವ್ದು ಅನ್ನೋದು ನನ್ನ ಕೆಲ್ಸಾನೂ ಅಲ್ಲ. ಆದ್ರೆ ಸಿಪ್ಪೆ ಇಲ್ಲ, ತುರಿಕೆ ಇಲ್ಲ, ಉಗುರಲ್ಲಿ ಗುಳಿ ಅಂತ ನೀವೇ ಬರ್ದಿದೀರ. ಪರೀಕ್ಷೆ ಕಾಗದ ಎಲ್ಲಿ? ಮೂರು ಸಲ ಔಷಧಿ ಕೊಟ್ರೂ ಹೆಚ್ತಾ ಇದೆ. ಚರ್ಮದ ಡಾಕ್ಟರಿಗೆ ತೋರ್ಸಿ ಅಕ್ಕ.”

ಫೋನು ಇಟ್ಟುಬಿಟ್ಟೆ. ಕಂಪ್ಯೂಟರು ಕುಟ್ಟುವವಳು ನನಗೆ ಹೇಳಬೇಕೇ ಎಂಬ ಉರಿ. ಆ ಉರಿಯಲ್ಲಿ ಎರಡು ವಾರ ಕಳೆದೆ. ಇದನ್ನು ಹೇಳಲು ನನಗೆ ನಾಚಿಕೆಯಾಗುತ್ತದೆ.

ಮೂವತ್ತಾರನೆಯ ದಿನ ನನ್ನ ಬರಹವನ್ನೇ ಮತ್ತೆ ಓದಿ ನೋಡಿದೆ. ತೊಟುಕನ್ ಹೇಳಿದ್ದೇ ಸರಿ. ಅಕ್ಕನನ್ನು ಕರೆದುಕೊಂಡು ಜಿಲ್ಲಾ ಆಸ್ಪತ್ರೆಗೆ ಹೋದೆ. ಚರ್ಮದ ಡಾಕ್ಟರು ತಲೆ ನೋಡಿದರು, ಉಗುರು ನೋಡಿದರು, ತಲೆಯ ಚರ್ಮ ಕೆರೆದು ಪರೀಕ್ಷೆಗೆ ಕಳಿಸಿದರು. ಕಾಗದ ಬಂದದ್ದು ನಲವತ್ತೆರಡನೆಯ ದಿನ. ಹುಳುಕಡ್ಡಿಯಿಲ್ಲ. ರೋಗ ತಡೆಯಬೇಕಾದ ಮೈಯ ಕಾವಲೇ ದಾರಿ ತಪ್ಪಿ ಕೂದಲಿನ ಬುಡದ ಮೇಲೆ ಬೀಳುವ ಕಾಯಿಲೆ. ಅಲೊಪೇಷಿಯಾ ಅರಿಯಾಟಾ ಎನ್ನುತ್ತಾರೆ. ಸಂಕೇತ ಎಲ್ 63. ಇದು ಯಾರಿಂದ ಯಾರಿಗೂ ಅಂಟುವುದಿಲ್ಲ.

ಕಾಗದ ತರಲು ಜಿಲ್ಲಾ ಆಸ್ಪತ್ರೆಗೆ ಹೋಗಿದ್ದವಳು ಅಲ್ಲೇ ಹಳೆಯ ಬರಹವನ್ನು ಬ್ಲೇಡಿನಿಂದ ಹೆರೆದು ಅಳಿಸಲು ಹೊರಟಿದ್ದೆ. ತೊಟುಕನ್ ಕೈ ಹಿಡಿದಳು.

“ಬೇಡ ಅಕ್ಕ. ಅದರ ಮೇಲೆ ಒಂದೇ ಗೆರೆ ಎಳೀರಿ, ಓದೋಕೆ ಬರ್ಬೇಕು. ಕೆಳಗೆ ಹೊಸದು ಬರೀರಿ, ತಾರೀಕು ಹಾಕಿ, ಸಹಿ ಮಾಡಿ. ಪರೀಕ್ಷೆ ಕಾಗದ ಅಂಟ್ಸಿ. ತಪ್ಪಾಗಿತ್ತು ಅನ್ನೋದೂ ಕಾಣ್ಲಿ.”

ಅವತ್ತೇ ಅಕ್ಕನ ಮನೆಗೆ ಹೋಗಿ ನುರಿಝಾಳ ಮುಂದೆ ಕಾರ್ಡು ಬಿಚ್ಚಿಟ್ಟೆ.

“ಮುಂಚೆನೂ ಇದೇ ಕಾರ್ಡಲ್ಲಿದೆ ಅಂದ್ರಿ. ಇದನ್ನ ಹೇಗೆ ನಂಬ್ಲಿ?”

ಕೇಳಬೇಕಾದ ಮಾತನ್ನೇ ಕೇಳಿದಳು. “ಅವತ್ತು ಪರೀಕ್ಷೆ ಮಾಡ್ಸಿರ್ಲಿಲ್ಲ. ಇವತ್ತು ಕಾಗದ ಇದೆ, ಓದು. ತಪ್ಪು ನಂದು ಕಣಮ್ಮ, ನಿಮ್ಮತ್ತೇದಲ್ಲ.”

ಅವಳು ಎರಡು ಸಲ ಓದಿದಳು. ಆಮೇಲೆ ಮಗುವನ್ನು ಎತ್ತಿಕೊಂಡು ಅಂಗಳ ದಾಟಿ ಉಣ್ಣೆ ಕೋಣೆಗೆ ಹೋದಳು. ನಾನು ಹಿಂದೆಯೇ ಹೋದೆ. ಮಗುವನ್ನು ಅಕ್ಕನ ಮಡಿಲಲ್ಲಿಟ್ಟು, “ಅತ್ತೆ, ಮನೆಗೆ ಬನ್ನಿ” ಎಂದಳು. ಮಗುವಿನ ಕೈಗೆ ತಲೆವಸ್ತ್ರದ ಅಂಚು ಸಿಕ್ಕಿ ಅದು ಜಾರಿತು. ತಲೆಯ ಬೋಳು ಜಾಗಗಳು ಕಂಡವು. ಸೊಸೆ ಮಗುವನ್ನು ಎಳೆದುಕೊಳ್ಳಲಿಲ್ಲ.

ಆದರೆ ನಲವತ್ತನೆಯ ದಿನ ಕಳೆದುಹೋಗಿತ್ತು. ನೀರೆರೆದವಳು ಪಕ್ಕದ ಮನೆಯ ಮುದುಕಿ. ಎಣ್ಣೆ ಸವರಿದ ಚಮಚ ಗೂಡಿನಲ್ಲಿ ಹಾಗೇ ಇತ್ತು.

ಅಕ್ಕ ನನ್ನನ್ನು ಬೈಯಲಿಲ್ಲ. ಹುಟ್ಟುಗೂದಲು ಕತ್ತರಿಸಿದ ಮಗುವಿನ ತಲೆ ಸವರುತ್ತಾ, “ಇನ್ನೊಂದ್ಸಲ ನಲವತ್ತನೇ ದಿನ ಬರಲ್ವಲ್ಲ ಜಿಪಾರ್” ಎಂದಳು ಅಷ್ಟೆ. ಅಕ್ಕನ ಕೂದಲು ಈಗ ಅಲ್ಲಲ್ಲಿ ಬೆಳ್ಳಗೆ ಮೂಡುತ್ತಿದೆ. ಪೂರ್ತಿ ಬರುತ್ತದೋ ಇಲ್ಲವೋ, ಡಾಕ್ಟರೂ ಮಾತು ಕೊಟ್ಟಿಲ್ಲ.

ಅದಕ್ಕೇ ಕೈಮುಗಿದು ಕೇಳುತ್ತೇನೆ. ನಿಮ್ಮ ಕಾರ್ಡಿನಲ್ಲಿ ಏನು ಬರೆದಿದ್ದಾರೆ, ಪರೀಕ್ಷೆ ಮಾಡಿ ಬರೆದರೋ ಅಂದಾಜಿಗೆ ಬರೆದರೋ, ಬಾಯಿಬಿಟ್ಟು ಕೇಳಿ. ಯಾವಾಗ ಶುರುವಾಯಿತು, ಎಷ್ಟು ಕಡೆ ಹೋಗಿದೆ, ಉಗುರು ಹೇಗಿದೆ ಎಂಬುದನ್ನೆಲ್ಲ ಹೇಳಿ ಬರೆಸಿ. ಔಷಧಿ ನಾಟದಿದ್ದರೆ ಚರ್ಮದ ಡಾಕ್ಟರಿಗೆ ಕಳಿಸಿ ಎಂದು ಹಠ ಹಿಡಿಯಿರಿ. ನಮ್ಮಂಥವರು ಸಿಡುಕಿದರೆ ಸಿಡುಕಲಿ, ನೀವು ಎದ್ದು ಹೋಗಬೇಡಿ. ಇನ್ನು ನಿಮ್ಮೂರಲ್ಲಿ ಯಾರಾದರೂ ಕೂದಲುದುರಿ ಒಂದು ಕೋಣೆಯಲ್ಲಿ ಒಬ್ಬರೇ ಕೂತಿದ್ದರೆ, ಇವತ್ತೇ ಹೋಗಿ ಅವರ ಕಾರ್ಡು ಬಿಚ್ಚಿಸಿ ನೋಡಿ. ನನ್ನ ಹಾಗೆ ಎರಡು ವಾರ ಕಾಯಬೇಡಿ.