ಇನ್ನೆರಡು ಬೆರಳು

ಮಗಳ ಹೊಟ್ಟೆನೋವಿಗೆ ಅಂಜನಾಬಾಯಿ ಅಲ್ಲಿಯವರೆಗೆ ಕೊಟ್ಟದ್ದು ಎರಡು ಹುಂಜ, ಐದು ತೆಂಗಿನಕಾಯಿ, ಔರಾದ ಕಡೆಯ ಮಂತ್ರಗಾರನೊಬ್ಬನಿಗೆ ಎರಡು ಸೇರು ತೊಗರಿಬೇಳೆ, ಅಷ್ಟೂರದಿಂದ ತರಿಸಿದ ಬೆಳ್ಳಿ ತಾಯತಕ್ಕಾಗಿ ತನ್ನ ಕಾಲ್ಗಡಗ. ಆ ತಾಯತವೂ ಈಗ ಹುಡುಗಿಯ ಕೊರಳಲ್ಲಿರಲಿಲ್ಲ. ಗಂಡ ಕಾಶೀರಾಮ ದಸರೆಯಲ್ಲಿ ನಾಗಪುರಕ್ಕೆ ಹೋಗಿ ಬೌದ್ಧ ದೀಕ್ಷೆ ತೆಗೆದುಕೊಂಡು ಬಂದವನು, ಮನೆಯ ದೇವರನ್ನೂ ಮಗಳ ಕೊರಳಿನ ದಾರಗಳನ್ನೂ ಒಂದೇ ಬುಟ್ಟಿಗೆ ಹಾಕಿ ಹೊಳೆಗೆ ಬಿಟ್ಟಿದ್ದ. ಉಳಿದದ್ದು ಭಾಲ್ಕಿಯ ದವಾಖಾನೆ ಒಂದೇ. ಅಲ್ಲಿ ಔಷಧ ಪುಕ್ಕಟೆ. ತಮ್ಮೂರು ಮೆಹಕರದಿಂದ ಮೋಟಾರಿಗೆ ಅವಳಿಗೆ ಆರಾಣೆ, ಮಗಳಿಗೆ ಮೂರಾಣೆ.

"ಇಕಿಗ್ಯಾತರ ಟಿಕೀಟ ಬಾಯಿ? ಭಾಳ ಹಿಡದ್ರ ನಾಕು ವರ್ಷದ ಪೋರಿ. ತೊಡಿ ಮ್ಯಾಲ ಕುಂದ್ರಸ್ಕೋರಿ, ಹೋಗ್ಲಿ" ಎಂದ ಕಂಡಕ್ಟರ್.

ಎಂಟು ಎಂದು ಹೇಳಬೇಕೆಂದುಕೊಂಡಳು, ಹೇಳಲಿಲ್ಲ. ಉಳಿದ ಮೂರಾಣೆ ಭಾಲ್ಕಿಯವರೆಗೂ ಅವಳ ಮುಷ್ಟಿಯಲ್ಲೇ ಇತ್ತು. ಪುಕ್ಕಟೆ ಸಿಕ್ಕದ್ದು ಸಂತೋಷ ಕೊಡದೆ ಇದ್ದದ್ದು ಅವಳ ಜೀವನದಲ್ಲಿ ಅದೇ ಮೊದಲು.

ದವಾಖಾನೆಯ ಬಾಗಿಲ ಮೇಲೆ ಕನ್ನಡದ ಹೊಸ ಬೋರ್ಡು ಬಂದು ಒಂದೂವರೆ ತಿಂಗಳಾಗಿತ್ತು. ಊರು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಹಳೆಯ ಡಾಕ್ಟರು ಹೋಗಿದ್ದರು, ಹೊಸಬರು ಇನ್ನೂ ಬಂದಿರಲಿಲ್ಲ. ಒಳಗೆ ಕಂಪೌಂಡರ್ ಮುಜೀಬೋದ್ದೀನ ಒಬ್ಬನೇ ಎಲ್ಲವೂ ಆಗಿದ್ದ. ಐವತ್ತೆರಡರ ಆಳು, ಕನ್ನಡಕಕ್ಕೆ ಒಂದು ಕಡೆ ದಾರ. ಎದುರಿಗೆ ಹೊಸ ರಜಿಸ್ಟರು. ಅದರಲ್ಲಿ ಕನ್ನಡದಲ್ಲಿ ಬರೆಯಬೇಕೆಂದು ಹುಕುಂ ಬಂದಿತ್ತು. ಒಂದೊಂದು ಅಕ್ಷರವನ್ನೂ ಅವನು ಇರುವೆ ಹಿಡಿದಂತೆ ಹಿಡಿದು ಕೂರಿಸುತ್ತಿದ್ದ.

"ಇಪ್ಪತ್ತೆರಡು ವರ್ಷ ಉರ್ದುದಾಗ ಬರದೆ ಬಾಯಿ. ಈಗ ಮತ್ತ ಪೈಲಿ ಜಮಾತ, ಒಂದನೇ ಕ್ಲಾಸು. ಹೆಸರು ಹೇಳ್ರಿ, ಜರಾ ಸಾವಕಾಶ ಹೇಳ್ರಿ."

"ಶೇವಂತಾ ರೀ."

ಹುಡುಗಿ ತಲೆ ಹೊರಳಿಸಿ ಹಿಂದಿನ ಬಾಗಿಲ ಕಡೆ ನೋಡಿದಳು. ಅಲ್ಲಿ ಯಾರೂ ಇರಲಿಲ್ಲ. ಮುಜೀಬೋದ್ದೀನನ ಲೇಖನಿ ನಿಂತಿತು.

"ವಯಸ್ಸು?"

"ಎಂಟ್ರಿ. ಮೂರು ತಿಂಗಳಾತು ಸಾಬ, ಒಂದು ತುತ್ತು ನುಂಗಂಗಿಲ್ಲ. ಹೊಟ್ಟಿ ನೋವು ಅಂತದ. ನುಂಗಿದ್ರ ಕಾರ್ತದ. ಸಾಲಿ ಬಿಡ್ತು, ಆಟ ಬಿಡ್ತು..."

ಅವನು ಹುಡುಗಿಯ ನಾಲಿಗೆ ನೋಡಿದ, ಕಣ್ಣಿನ ರೆಪ್ಪೆ ಕೆಳಗೆಳೆದು ನೋಡಿದ, ಹೊಟ್ಟೆಯನ್ನು ನಾಲ್ಕು ಕಡೆ ಒತ್ತಿದ. ಕೇಳಿದ್ದು ಮಗಳನ್ನು, ಉತ್ತರ ಕೊಟ್ಟದ್ದೆಲ್ಲ ತಾಯಿ. ಕೊನೆಗೆ ಅವನು ಬಾಗಿಲ ಕಡೆ ನೋಡುತ್ತ, ಸುಮ್ಮನೆ, "ಶೇವಂತಾ" ಎಂದ. ಹುಡುಗಿ ಮತ್ತೆ ಹಿಂದೆ ನೋಡಿದಳು.

"ಇಕಿ ಯಾಕ ಹಿಂಗ ಹೊಳ್ಳಿ ನೋಡ್ತಾಳ?"

ಅಂಜನಾಬಾಯಿ ಅದನ್ನು ಗಮನಿಸಿಯೇ ಇರಲಿಲ್ಲ. "ಏನೋರಿ... ಸಾಬ, ನಿಮಗ ಹೇಳ್ಬೇಕು. ಇಕಿ ಹೊಸಬಾಕಿ ಅಲ್ಲ. ಒಮ್ಮಿ ಹೋಗಿ ಹೊಳ್ಳಿ ಬಂದಾಕಿ. ಎಡಗಿವಿ ಹಿಂದ ಮಚ್ಚಿ ನೋಡ್ರಿ, ಸತ್ತ ದೊಡ್ಡ ಮಗಳಿಗೂ ಅಲ್ಲೇ ಇತ್ತು. ಹೋಗಿ ಹತ್ತು ತಿಂಗಳಿಗಿ ಬಂದಳು. ಅದೇ ಹೆಸರು ಇಟ್ಟೇವು. ಅದೇ ತೊಟ್ಲು, ಅದೇ ಗಂಗಾಳ."

ಮುಜೀಬೋದ್ದೀನ ಮಚ್ಚೆ ನೋಡಲಿಲ್ಲ. "ಶೀಸಾ ತಂದೀರಿ?" ಎಂದ.

ಔಷಧ ಬೇಕಾದವರು ಸೀಸೆ ತಾವೇ ತರಬೇಕು. ಅದು ಅಲ್ಲಿಯ ರಿವಾಜು. ಅಂಜನಾಬಾಯಿ ಸೆರಗಿನ ಗಂಟಿನಿಂದ ತೆಗೆದು ಕೊಟ್ಟಳು. ಅವನು ಮೂಸಿ, ಸೀಮೆಎಣ್ಣೆಯ ವಾಸನೆಗೆ ಮುಖ ಕಿವುಚಿದ.

"ಇದರಾಗ ದವಾ ಹಾಕಿದ್ರ ನಾಳಿ ಪೋರಿ ಕಂದೀಲದ ಹಾಂಗ ಉರಿತದ. ಹಿಂದ ಹೌದಿ ಅದ. ಬೂದಿ ಹಾಕಿ ಏಳು ಸರ್ತಿ ತೊಳಿರಿ. ಏಳು ಅಂದ್ರ ಏಳು. ಆರಕ್ಕ ಬಂದ್ರ ನಾ ವಾಪಸ ಕಳಸ್ತೀನಿ."

ನೀರಿನ ತೊಟ್ಟಿ ಆ ಕೋಣೆಯ ಕಿಟಕಿಯ ಕೆಳಗೇ ಇತ್ತು. ಅಂಜನಾಬಾಯಿ ಕುಕ್ಕರುಗಾಲಲ್ಲಿ ಕೂತು ಬೂದಿ ತುಂಬಿ ಕುಲುಕಿದಳು. ಒಂದನೆಯ ಸಲ, ಎರಡನೆಯ ಸಲ ಬರೀ ಕಂಪೌಂಡರನ ದನಿ ಕೇಳುತ್ತಿತ್ತು.

"ನನಗೂ ಹೊಟ್ಟಿ ನೋಯ್ತಿತ್ತು ಬೇಟಾ, ಸಣ್ಣಾಂವಿದ್ದಾಗ. ಮೌಲ್ವಿ ಸಾಬರ ಛಡಿ ಕಂಡ್ರ ನೋಯ್ತಿತ್ತು. ಒಂದಿನ ಛಡಿ ಮುರಿತು. ಹೊಟ್ಟಿ ಗಪ್ಪಾಯ್ತು. ನಿಂದು ಯಾವಾಗ ನೋಯ್ತದ?"

ಮೂರನೆಯ ಸಲ. ನಾಲ್ಕನೆಯ ಸಲ ಸೀಸೆಗೆ ನೀರು ತುಂಬುವಾಗ ಮಗಳ ದನಿ ಬಂತು.

"ಪರಕಾರ ತಗದಾಗ."

"ಯಾವ ಪರಕಾರ?"

"ಅಕ್ಕಂದು. ಹಸರು ಲಂಗ. ಪೆಟಗ್ಯಾಗ ಅದ. ಅವ್ವ ಪ್ರತಿ ಅಮಾಸಿಗಿ ತಗದು ನನ್ನ ನಡಕ್ಕ ಹಿಡಿತಾಳ. ನೆಲಕ್ಕ ಹತ್ತತದ. ಇನ್ನೆರಡು ಬೆರಳು ಅಂತಾಳ. ಈ ಎಳ್ಳಮಾಸಿಗಿ ಬರೋಬ್ಬರಿ ಆಗ್ತದ, ನೀನೇ ಉಡ್ಬೇಕು ಅಂತಾಳ."

"ಉಟ್ರ ಏನಾಯ್ತು?"

"ಅಕ್ಕ ಎಳ್ಳಮಾಸಿ ದಿನ ಅದನ್ನ ಉಟ್ಲು. ಅವತ್ತೇ ಸತ್ಲು."

"ಅದಕ್ಕ ನೀ ಉಣ್ಣಂಗಿಲ್ಲ."

"ಉಂಡ್ರ ಬೆಳಿತಾರಲ್ಲ."

ಅಂಜನಾಬಾಯಿಯ ಕೈಯಲ್ಲಿ ಸೀಸೆ ತುಂಬಿ ನೀರು ಮೊಣಕೈಗೆ ಇಳಿಯುತ್ತಿತ್ತು.

"ಅಕ್ಕ ಬರ್ತಾಳೇನು ಬೇಟಾ?"

"ನನ್ನ ಹಿಂದ ಇರ್ತಾಳ. ಅವ್ವ ಕರಿಯೋದು ಆಕಿನ್ನ. ನಾ ಹೊಳ್ಳಿ ನೋಡ್ತೀನಿ, ಬಂದಳೇನಂತ."

"ಕಂಡಾಳ?"

"ಇನ್ನಾ ಇಲ್ಲ."

ಅಂಜನಾಬಾಯಿ ತುಂಬಿದ ಸೀಸೆಯನ್ನು ಡಿಸೆಂಬರಿನ ಬಿಸಿಲಲ್ಲಿ ಹಾಗೇ ಕೆಳಗಿಟ್ಟಳು. ಆಮೇಲೆ ಕಂಪೌಂಡರ್ ದನಿ ತಗ್ಗಿಸಿ, "ಮತ್ತ ನೀ ಯಾರು? ಒಬ್ಬಾಕಿನೇ ಆಡುವಾಗ ನಿನಗ ನೀ ಏನಂತ ಕರಕೋತಿ?" ಎಂದು ಕೇಳಿದ. ಮಗಳು ಏನೋ ಹೇಳಿದಳು. ಅಂಜನಾಬಾಯಿ ಗೋಡೆಗೆ ಕಿವಿ ಹಚ್ಚಿದಳು. ಕೇಳಿಸಲಿಲ್ಲ.

ಏಳು ಸಲ ತೊಳೆದಳೋ ನಾಲ್ಕೇ ಸಲವೋ, ಒಳಗೆ ಬಂದಾಗ ಅವಳ ಮುಖ ಕೆಂಪಗಿತ್ತು. ಮಗಳನ್ನು ಹೊರಗಿನ ಬೆಂಚಿಗೆ ಕಳಿಸಿ, "ಸಾಬ, ಕೂಸಿನ ತಲ್ಯಾಗ ನೀವು ಇಲ್ಲದ್ದೆಲ್ಲ ತುಂಬಬ್ಯಾಡ್ರಿ" ಎಂದಳು.

"ನಾ ತುಂಬ್ಲಿಲ್ಲ ಬಾಯಿ. ಇದ್ದದ್ದು ಹೊರಗ ಬಂತು. ನೀ ಕಿಟಕಿ ಕೆಳಗೇ ಇದ್ದಿ, ನನಗ ಗೊತ್ತದ." ಅವನು ಮೊದಲ ಸಲ ಅವಳನ್ನು ಏಕವಚನದಲ್ಲಿ ಕರೆದಿದ್ದ, ತಂಗಿಯನ್ನು ಕರೆದಂತೆ. "ದೊಡ್ಡಾಕಿ ಹ್ಯಾಂಗ ಹೋದಳು?"

ಒಂಬತ್ತು ವರ್ಷ ಯಾರ ಮುಂದೆಯೂ ಆಡದ ಮಾತನ್ನು ಅವಳು ನೆಲ ನೋಡುತ್ತ ಹೇಳಿದಳು. ರಜಾಕಾರರ ಗದ್ದಲದ ವರ್ಷ. ಮಗಳಿಗೆ ಆಗ ಎಂಟು ವರ್ಷ. ಎಳ್ಳಮಾವಾಸ್ಯೆಗೆ ಹೊಸ ಪರಕಾರ ಉಟ್ಟು ಹೊಲಕ್ಕೆ ಕುಣಿಯುತ್ತ ಬಂದವಳು ಬಿಸಿಲೇರುವಷ್ಟರಲ್ಲಿ ಜ್ವರದಿಂದ ನಡುಗತೊಡಗಿದಳು. ಮೈ ಸುಡುತ್ತದೆಂದು ಪರಕಾರ ಬಿಚ್ಚಿದ್ದರು. ದಾರಿ ಬಂದ್ ಆಗಿತ್ತು; ಬಂಡಿ ಹೂಡಲು ಯಾರಿಗೂ ಧೈರ್ಯವಿರಲಿಲ್ಲ. ಎತ್ತಿಕೊಂಡು ನಡೆದೇಬಿಡುತ್ತೇನೆಂದು ಹೊರಟವಳನ್ನು ಗಂಡನೇ ಹೊಸ್ತಿಲಲ್ಲಿ ಹಿಡಿದು ಕೂರಿಸಿದ. ದೀಪ ಹಚ್ಚುವ ಹೊತ್ತಿಗೆ ಮುಗಿದಿತ್ತು.

"ಈ ದವಾಖಾನಿ ತನಕ ಬಂದಿದ್ರ..." ಎಂದು ನಿಲ್ಲಿಸಿದಳು.

ಮುಜೀಬೋದ್ದೀನ ಸೀಸೆಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದ. "ಆ ಅಮಾಸಿಗಿ ಈ ದವಾಖಾನಿಗಿ ಕೀಲಿ ಹಾಕಿತ್ತು ಬಾಯಿ. ನಾನೂ ಇರ್ಲಿಲ್ಲ. ನೀ ಬಂದಿದ್ರ ಕೀಲಿ ನೋಡಿ ಹೋಗ್ತಿದ್ದಿ."

ಅದು ನಿಜವೋ, ಅವಳಿಗಾಗಿ ಅವನು ಆಗಲೇ ಕಟ್ಟಿಕೊಟ್ಟ ಔಷಧವೋ, ಅವಳಿಗೆ ಕೊನೆಯವರೆಗೂ ತಿಳಿಯಲಿಲ್ಲ.

ಅವನು ಗುಲಾಬಿ ಬಣ್ಣದ ಔಷಧ ಸೀಸೆಗೆ ಸುರಿದ. ಹುಡುಗಿಯನ್ನು ಒಳಗೆ ಕರೆದು ಎದುರಿಗೆ ಕೂರಿಸಿಕೊಂಡು, ಕಾಗದದ ಪಟ್ಟಿಯೊಂದರ ಅಂಚನ್ನು ಕತ್ತರಿಯಿಂದ ಹಲ್ಲು ಹಲ್ಲಾಗಿ ಕತ್ತರಿಸಿ ಸೀಸೆಗೆ ಅಂಟಿಸಿದ. ಒಂದು ಹಲ್ಲಿಗೆ ಒಂದು ದಿನದ ಔಷಧ.

"ಎಣಸು."

ಹುಡುಗಿ ಬೆರಳಿಟ್ಟು ಎಣಿಸಿದಳು. "ಹನ್ನೆರಡು."

"ಎಳ್ಳಮಾಸಿ ಎಷ್ಟನೇ ದಿನಕ್ಕ?"

ಆ ಲೆಕ್ಕ ಅವಳಿಗೆ ಬಾಯಿಪಾಠವಾಗಿತ್ತು. "ಹತ್ತನೇದಕ್ಕ."

"ಮತ್ತ ಉಳಿದ ಎರಡು ಯಾರು ಕುಡಿಬೇಕು? ನಿಮ್ಮಪ್ಪ?" ಹುಡುಗಿ ಪಟ್ಟಿಯ ಕೊನೆಯ ಎರಡು ಹಲ್ಲುಗಳನ್ನೇ ನೋಡುತ್ತಿದ್ದಳು. "ಸರ್ಕಾರಿ ದವಾ. ಒಂದು ಹನಿ ಉಳದ್ರ ನನ್ನ ನೌಕರಿ ಹೋಗ್ತದ. ಹನ್ನೆರಡೂ ಕುಡದು ಖಾಲಿ ಶೀಸಾ ನೀನೇ ತರ್ಬೇಕು. ನಿಮ್ಮವ್ವನ ಕೈಯಾಗ ಕಳಸಿದ್ರ ನಾ ತಗೊಳ್ಳಂಗಿಲ್ಲ."

ರಜಿಸ್ಟರಿನಲ್ಲಿ ಊರು, ವಯಸ್ಸು, ಕಾಯಿಲೆ ಬರೆದ. ಹೆಸರಿನ ಜಾಗ ಖಾಲಿ ಬಿಟ್ಟ.

"ಅಲ್ಲಿ ಏನ ಬರಿತೀರಿ?" ಎಂದಳು ಅಂಜನಾಬಾಯಿ.

"ಇಕಿ ನನಗ ಹೇಳ್ಯಾಳ. ಅದು ನಿನಗ ನಾ ಹೇಳೋದಲ್ಲ. ನೀ ಕೇಳ್ಬೇಕು."

"ಮತ್ತ ಆ ಪರಕಾರ ಏನ ಮಾಡ್ಲಿ?"

"ನನಗ ದವಾ ಕಟ್ಟೋದು ಗೊತ್ತು ಬಾಯಿ. ಪರಕಾರ ನಿಂದು."

ಮನೆಗೆ ಬಂದ ಮೇಲೆ ಹುಡುಗಿ ಔಷಧವನ್ನೇನೋ ಕುಡಿದಳು; ರೊಟ್ಟಿಯನ್ನು ಮುರಿದು ಮುರಿದು ಗಂಗಾಳದ ಸುತ್ತ ಸಾಲಾಗಿ ಇಟ್ಟಳು. ಅಂಜನಾಬಾಯಿ "ಶೇ—" ಎಂದು ಬಾಯಿ ತೆರೆದವಳು ಹಾಗೇ ನಿಂತಳು. ಮಗಳ ಕತ್ತು ಅಷ್ಟರಲ್ಲೇ ಅರ್ಧ ಹೊರಳಿತ್ತು. ಮಗಳ ಬೆನ್ನ ಹಿಂದಿನ ಗೋಡೆ ನೋಡುವುದಕ್ಕೆ ಅಂಜನಾಬಾಯಿಗೂ ಅಂದಿನಿಂದ ಹೆದರಿಕೆಯಾಯಿತು. ಇನ್ನೂ ಒಂದು ಹೆದರಿಕೆ ಇತ್ತು: ಅಲ್ಲಿ ನಿಜವಾಗಿ ಯಾರೂ ಇಲ್ಲದಿದ್ದರೆ?

ಗಂಡನಿಗೆ ಎಲ್ಲ ಹೇಳಿದಳು. ಅವನು ಬಾರುಕೋಲು ಹೆಣೆಯುತ್ತ, "ನಾ ಅಂದಿದ್ದಿಲ್ಲೇನು? ದೆವ್ವ ಇಲ್ಲ, ಪುನರ್ಜನ್ಮ ಇಲ್ಲ. ಅಷ್ಟು ಮಂದ್ಯಾಗ ಕೈಮುಗದು ಆಣಿ ಮಾಡಿ ಬಂದೀನಿ" ಎಂದ.

"ದೇವ್ರನ್ನ ಹೊಳಿಗಿ ಬಿಟ್ರಿ. ಹೌದಿಲ್ಲೋ? ಮತ್ತ ಈ ಪೋರಿನ್ನ ಏನಂತ ಕರಿತೀರಿ?"

ಕಾಶೀರಾಮ ಬಾರುಕೋಲು ಕೆಳಗಿಟ್ಟ. "ಅವತ್ತು ನಿನ್ನ ಹಿಡದು ಕುಂದ್ರಿಸಿದಾಂವ ನಾನು" ಎಂದ. "ಆಕಿ ಹೊಳ್ಳಿ ಬಂದಾಳ ಅಂತ ನೀ ಅಂದಾಗ ನನಗ ಜೀವ ಬಂದಿತ್ತು."

ಅವನು ಎದ್ದು ದನದ ಕೊಟ್ಟಿಗೆಗೆ ಹೋದ. ಅಂಜನಾಬಾಯಿ ಪೆಟ್ಟಿಗೆ ತೆಗೆದು ಪರಕಾರ ಮೂಸಿದಳು. ಬೇವಿನೆಲೆಯ ವಾಸನೆ ಬಿಟ್ಟರೆ ಬೇರೇನೂ ಇರಲಿಲ್ಲ. ಯಾವಾಗ ಹೋಯಿತೋ ಮೊದಲ ಮಗಳ ವಾಸನೆ. ಇಷ್ಟು ವರ್ಷ ಇದೆಯೆಂದೇ ಮೂಸುತ್ತಿದ್ದಳು.

ಎಳ್ಳಮಾವಾಸ್ಯೆ ಬಂತು. ಊರಿಗೆ ಊರೇ ಬುಟ್ಟಿ ಹೊತ್ತು ಹೊಲಕ್ಕೆ ಹೊರಟಿತ್ತು. "ಪೂಜಿ ಇಲ್ಲ. ಉಣ್ಣಲಿಕ್ಕ ಯಾರೂ ಬ್ಯಾಡ ಅಂದಿಲ್ಲ" ಎಂದು ಕಾಶೀರಾಮ ತಾನೇ ಅಂಬಲಿಯ ಗಡಿಗೆ ಎತ್ತಿಕೊಂಡ. ಹುಡುಗಿ ಬೆಳಗಿನಿಂದ ಮೂಲೆ ಬಿಟ್ಟು ಕದಲಿರಲಿಲ್ಲ. ಅವಳ ಕಣ್ಣು ಪೆಟ್ಟಿಗೆಯ ಮೇಲಿತ್ತು.

ಅಂಜನಾಬಾಯಿ ಪೆಟ್ಟಿಗೆ ತೆರೆದಳು. ಹಸಿರು ಪರಕಾರ ಹೊರಗೆ ತೆಗೆದಳು. ಹುಡುಗಿ ಗೋಡೆಗೆ ಒತ್ತಿ ನಿಂತಳು. ಅಂಜನಾಬಾಯಿ ಪರಕಾರವನ್ನು ಜಾಡಿಸಿ, ಎರಡು ಕೈಯಲ್ಲಿ ಹಿಡಿದು, ಹಗ್ಗ ಹೊಸೆಯುವಂತೆ ತಿರುವಿದಳು. ಸುತ್ತಿ ಸುತ್ತಿ ಸಿಂಬಿ ಮಾಡಿ ತನ್ನ ತಲೆಯ ಮೇಲಿಟ್ಟುಕೊಂಡಳು.

"ಬುಟ್ಟಿ ಹೊರಸ" ಎಂದಳು.

ಹುಡುಗಿ ಸಿಂಬಿಯನ್ನೇ ನೋಡಿದಳು. ಆಮೇಲೆ ಬಂದು ತನ್ನ ಕಡ್ಡಿಯಂಥ ಕೈಗಳಿಂದ ಬುಟ್ಟಿಯ ಒಂದು ಬದಿ ಎತ್ತಿದಳು.

ಹೊಲದಲ್ಲಿ ಜೋಳ ತೆನೆಗಟ್ಟಿತ್ತು. ಕಾಶೀರಾಮ ಒಣ ದಂಟಿನ ಕಣಿಕೆ ಹಾಸಿ ಕೂತ. ಅಂಜನಾಬಾಯಿ ಸಜ್ಜೆ ರೊಟ್ಟಿಯ ಮೇಲೆ ಕಾಳು-ಸೊಪ್ಪಿನ ಭಜ್ಜಿ ಬಡಿಸಿ ಮಗಳ ಮುಂದೆ ಇಟ್ಟಳು. ಒಂಬತ್ತು ವರ್ಷದ ಹಿಂದೆ ಇದೇ ಬದುವಿನ ಮೇಲೆ, ಇದೇ ಬಿಸಿಲಲ್ಲಿ ಮೊದಲನೆಯವಳು ನಡುಗತೊಡಗಿದ್ದಳು. ಕೇಳಬಾರದೆನಿಸಿತು. ಕೇಳಿದರೆ ಆಕೆ ಹೋಗುತ್ತಾಳೆ. ಕೇಳದಿದ್ದರೆ ಈಕೆ.

"ನಿನ್ನ ಹೆಸರೇನವ್ವಾ?"

ಹುಡುಗಿ ಹಿಂದೆ ತಿರುಗಿ ನೋಡಿದಳು. ಜೋಳ ಅಲ್ಲಾಡುತ್ತಿತ್ತು. ಬಹಳ ಹೊತ್ತು ನೋಡಿ, ಈ ಕಡೆ ತಿರುಗಿ, "ಅನುಸೂಯಾ" ಎಂದಳು.

ಎಲ್ಲಿಂದ ತಂದಳೋ ಆ ಹೆಸರನ್ನು. ಮನೆಯಲ್ಲಿ ಯಾರಿಗೂ ಇರಲಿಲ್ಲ.

"ಉಣ್ಣು ಅನುಸೂಯಾ" ಎಂದ ಕಾಶೀರಾಮ. ಅಂಬಲಿ ಹುಳಿಯಾಗಿದೆಯೆಂದು ಬೈದ.

ಹುಡುಗಿ ಒಂದು ತುತ್ತು ತಿಂದಳು. ಕಾದು ನೋಡಿದಳು. ಇನ್ನೊಂದು ತಿಂದಳು. ಅರ್ಧ ರೊಟ್ಟಿಗೆ ಕೈ ತೊಳೆದಳು. ಅಂಜನಾಬಾಯಿ ಹೆಚ್ಚಿಗೆ ತಿನ್ನೆನ್ನಲಿಲ್ಲ. ಹತ್ತನೆಯ ಹಲ್ಲಿನ ಔಷಧವನ್ನು ಹುಡುಗಿ ತಾನೇ ಕುಡಿದು, ಉಳಿದ ಎರಡನ್ನು ಬಿಸಿಲಿಗೆ ಹಿಡಿದು ನೋಡಿ, ಸೀಸೆಯನ್ನು ಬುಟ್ಟಿಯ ಅರಿವೆಯಲ್ಲಿ ಸುತ್ತಿಟ್ಟಳು.

ಮರಳುವಾಗ ಖಾಲಿ ಗಡಿಗೆ ತಾನೇ ಹೊರುತ್ತೇನೆಂದು ಹಟ ಮಾಡಿದಳು. ಹಸಿರು ಸಿಂಬಿ ತಲೆಗಿಟ್ಟುಕೊಂಡು, ಗಡಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ಮುಂದೆ ನಡೆದಳು.

"ಅನುಸೂಯಾ, ಕಲ್ಲದ, ನೋಡಿ ನಡಿ."

ಹುಡುಗಿ ಅತ್ತಿತ್ತ ನೋಡಲಿಲ್ಲ. ಕಾಲ ಕೆಳಗಿನ ಕಲ್ಲು ನೋಡಿ ಬದಿಗೆ ಸರಿದಳು.

ಅಂಜನಾಬಾಯಿ ಒಮ್ಮೆ ನಿಂತು ಹೊಲದ ಕಡೆ ತಿರುಗಿದಳು. ಬದುವಿನ ಮೇಲೆ ಹಾಸಿದ ಕಣಿಕೆ ಹಾಗೇ ಇತ್ತು. ಎಂಟು ವರ್ಷದ ಮಗಳೊಬ್ಬಳು ಅವಳಿಗೆ ಉಳಿದಳು. ಎಂಟು ವರ್ಷದ ಇನ್ನೊಬ್ಬಳು, ಸತ್ತು ಒಂಬತ್ತು ವರ್ಷವಾದ ಮೇಲೆ, ಅಂದು ಹೋದಳು.